ಲುಲ್ವಾಳ ಪೆದ್ದಮ್ಮ

ಶುಕ್ರವಾರ ಸಂಜೆ ಮುರ್ಗಾಬಿನ ಚಹಾ ಅಂಗಡಿಯಲ್ಲಿ ನಮ್ಮ ಕಡೆಯವರು ಸೇರಿದರೆ ಹೊಸಬನೊಬ್ಬ ಕೇಳಿಯೇ ಕೇಳುತ್ತಾನೆ, ಕುವೈತಿನಲ್ಲಿ ಬದುಕಲು ಅರಬ್ಬಿ ಬೇಕೇ ಎಂದು. ಬೇಡವೇ ಬೇಡ ಎಂದು ಎಲ್ಲರೂ ಒಂದೇ ಬಾಯಲ್ಲಿ ಹೇಳುತ್ತಾರೆ. ದಿನಸಿ ಅಂಗಡಿಯವನು ಮಲಯಾಳಿ, ಕ್ಷೌರದವನು ಪಂಜಾಬಿ, ಇನ್ನೇನು ಕಷ್ಟ? ನನಗೆ ಮೈ ಉರಿಯುತ್ತದೆ. ಓಬುಳಮ್ಮನನ್ನು ಕಾಣದವರ ಮಾತು ಅದು.

ಓಬುಳಮ್ಮ ಆಂಧ್ರದ ನಮ್ಮ ರಾಯಚೋಟಿ ಕಡೆಯ ವಿಧವೆ, ಮಕ್ಕಳಿರಲಿಲ್ಲ. ನಾನು ಕಾರು ಓಡಿಸುವ ಮನೆಗೇ ಕೂಸು ನೋಡಿಕೊಳ್ಳಲು ಬಂದಳು. ಮನೆಯೊಡತಿ ಹೆಸ್ಸಾ, ಆಳುಗಳಾದ ನಾವೆಲ್ಲ ಮಾಮಾ ಎಂದು ಕರೆಯುವವಳು, ಬಾಣಂತನ ಮುಗಿಸಿ ಬ್ಯಾಂಕಿನ ಕೆಲಸಕ್ಕೆ ಮರಳಿದಾಗ ಪುಟ್ಟ ಲುಲ್ವಾ ಇವಳ ಮಡಿಲು ಸೇರಿದಳು.

"ನಾಲ್ಕು ಮಾತು ಅರಬ್ಬಿ ಕಲ್ತ್ಕೊಳ್ಳಮ್ಮಾ" ಎಂದೆ.

"ಯಾತಕ್ಕೆ ಮಸ್ತಾನಣ್ಣ? ಮಾಮಾ ಕೈ ತೋರಿಸಿದ್ರೆ ನಾನು ಮಾಡ್ತೀನಿ. ಕೂಸಿಗಂತೂ ನಾನು ಹೇಳಿದ್ದೆಲ್ಲ ತಿಳೀತದೆ."

ತಿಳಿಯದೇ ಏನು? ಬೆಳಗಿನಿಂದ ಸಂಜೆಯವರೆಗೂ ಅದರ ಕಿವಿಗೆ ಬೀಳುತ್ತಿದ್ದುದು ನಮ್ಮ ತೆಲುಗೇ. ತೊವ್ವೆ ಅನ್ನ ಕಲಸಿ ತುತ್ತು ಕೊಡುವಾಗಲೂ ಅದೇ, ಜೋಗುಳದಲ್ಲೂ ಅದೇ. ಕೂಸು ಮೊದಲು ಆಡಿದ ಮಾತು ಪೆದ್ದಮ್ಮ, ಅಂದರೆ ದೊಡ್ಡಮ್ಮ; ಕರೆದದ್ದು ಓಬುಳಮ್ಮನನ್ನು.

ಶುಕ್ರವಾರ ಮಧ್ಯಾಹ್ನ ಇಡೀ ಬಳಗ ಅಜ್ಜಿಯ ಮನೆಯಲ್ಲಿ ಉಣ್ಣುವುದು ಇಲ್ಲಿಯ ರೂಢಿ. ಲುಲ್ವಾಗೆ ನಾಲ್ಕು ತುಂಬುತ್ತಿದ್ದಾಗ, ಅಂಥ ಒಂದು ಶುಕ್ರವಾರ, ಅವಳು ಇದ್ದಕ್ಕಿದ್ದಂತೆ ಚೀರಿ ಅಳತೊಡಗಿದಳು. ಓಬುಳಮ್ಮ ಮನೆಯಲ್ಲೇ ಉಳಿದಿದ್ದಳು. ಹೆಸ್ಸಾ ಎತ್ತಿಕೊಂಡು ಕೇಳಿದಷ್ಟೂ ಮಗು ತೆಲುಗಿನಲ್ಲೇ ಗೋಳಾಡಿತು. ಕೊನೆಗೆ ಆಕೆ, ನೀರಿನ ಬಾಟಲಿ ಒಳಗಿಡುತ್ತಿದ್ದ ನನ್ನ ಕಡೆ ತಿರುಗಿದಳು.

"ಮಸ್ತಾನ್, ಏನಂತಾಳೆ ನನ್ನ ಮಗಳು?"

"ಕಿವಿಯೊಳಗೆ ನೋಯ್ತಿದೆಯಂತೆ ಮಾಮಾ. ಪೆದ್ದಮ್ಮನ್ನ ಕರೀರಿ ಅಂತಾಳೆ."

"ಹೆತ್ತೋಳಿಗೂ ಮಗಳಿಗೂ ಮಧ್ಯೆ ಡ್ರೈವರ್ ಬೇಕಾಯ್ತಲ್ಲ ಹೆಸ್ಸಾ" ಎಂದು ನಾದಿನಿ ನಕ್ಕಳು. ಅಜ್ಜಿ ನಗಲಿಲ್ಲ. ಹೆಸ್ಸಾಳ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ಅವಳನ್ನು ದೂರಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ.

ಆ ವಾರವೇ ಓಬುಳಮ್ಮನನ್ನು ಜಹ್ರಾದಲ್ಲಿರುವ ಹೆಸ್ಸಾಳ ಅಕ್ಕನ ಮನೆಗೆ ಅಡುಗೆಗೆ ಕಳಿಸಿದರು. ಬಿಟ್ಟು ಬಂದವನು ನಾನೇ. ಅವಳು ದಾರಿಯುದ್ದಕ್ಕೂ ಅತ್ತಳು.

"ಕೂಸಿಗೆ ಹೇಳ್ದೇ ಬಂದ್ಬಿಟ್ಟೆ ಅಣ್ಣ. ನಿದ್ದೆಯಿಂದ ಎದ್ದು ನನ್ನ ಹುಡುಕ್ತದೆ."

ಹುಡುಕಿತು. ಬಹಳ ದಿನ ಹುಡುಕಿತು. ಆಮೇಲೆ ಶಾಲೆ, ಗೆಳತಿಯರು, ಅರಬ್ಬಿ ಹಾಡು. ಹೆಸ್ಸಾ ಅಕ್ಕನ ಮನೆಗೆ ಹೋಗುವಾಗ ಮಗಳನ್ನು ಮಾತ್ರ ಕರೆದೊಯ್ಯುತ್ತಿರಲಿಲ್ಲ. ನಾನು ಹೋದಾಗಲೆಲ್ಲ ಓಬುಳಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು.

"ಈಗ ಕಲಿಸಣ್ಣ."

ಯಾರು, ಏನು, ಎಲ್ಲಿ ಎಂಬಲ್ಲಿಂದ ಶುರುಮಾಡಿದೆ. ಅವಳಿಗೆ ಬೇಕಿದ್ದುದು ಬೇರೆ: ಊಟ ಆಯ್ತಾ ಚಿನ್ನ, ಕಿವಿನೋವು ಹೋಯ್ತಾ.

"ಅವತ್ತು ಬೇಡ ಅಂದೋಳು ಈಗ ಮದರಸಾ ಹುಡುಗೀರ ಹಾಗೆ ಉರು ಹೊಡೀತೀಯಲ್ಲ" ಎಂದು ಕಾಲೆಳೆದೆ.

"ಸುಮ್ನಿರಣ್ಣ. ಕೂಸು ತೆಲುಗು ಮರ್ತಿದ್ರೆ? ಅದರ ಮಾತಲ್ಲೇ ಕೇಳ್ಬೇಕಲ್ಲ."

ಎರಡು ರಂಜಾನ್ ಕಳೆದವು. ಆ ಈದ್‌ಗೆ ಹೆಸ್ಸಾ ಮಗಳನ್ನೂ ಜಹ್ರಾಕ್ಕೆ ಕರೆತಂದಳು. ಲುಲ್ವಾ ಜರಿಯ ಹಸಿರು ಅಂಗಿ ತೊಟ್ಟಿದ್ದಳು, ಮುಂದಿನ ಹಲ್ಲು ಬಿದ್ದಿತ್ತು. ಓಬುಳಮ್ಮ ಸೆರಗಿಗೆ ಕೈ ಒರೆಸಿಕೊಂಡು ಓಡಿಬಂದು ಬಾಗಿಲಲ್ಲೇ ಮಂಡಿಯೂರಿದಳು. ಕಲಿತಿದ್ದನ್ನೆಲ್ಲ ಒಂದೂ ತಪ್ಪದೆ ಕೇಳಿದಳು.

ಲುಲ್ವಾ ಹಿಂದೆ ಸರಿದು ತಾಯಿಯ ಬುರ್ಖಾ ಹಿಡಿದುಕೊಂಡಳು. ತಲೆಯೆತ್ತಿ ಮೆಲ್ಲಗೆ ಅರಬ್ಬಿಯಲ್ಲಿ ಏನೋ ಕೇಳಿದಳು. ಹೆಸ್ಸಾ ನನ್ನ ಮುಖ ನೋಡಿದಳು.

"ಚೆನ್ನಾಗಿದೀಯಾ ಅಂತ ಕೇಳ್ತಾಳೆ ಓಬುಳಮ್ಮಾ" ಎಂದೆ.

ಅವಳು ಮಂಡಿಯೂರಿದಲ್ಲೇ ಕೂತಿದ್ದಳು.

"ಇಲ್ಲಣ್ಣ. ಇವಳ್ಯಾರು ಅಂತ ಕೇಳಿದ್ಳು. ಮೊದಲನೇ ದಿನ ನೀನೇ ಕಲಿಸಿದ್ಯಲ್ಲ ಆ ಮಾತು."