ಹಿತ್ತಲ ಜಗಲಿಯ ಸಂದರ್ಶನ

ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂಬ ಗಾದೆಯನ್ನು ಕೇಳಿದಾಗ ಬೇರೆಯವರಿಗೆ ನಗು ಬರುತ್ತದೆ. ನನಗೆ ಹಂಗಳದ ನಮ್ಮಜ್ಜಿ ಮನೆಯ ಹಿತ್ತಲ ಜಗಲಿ ನೆನಪಾಗಿ ಕಿವಿ ಬಿಸಿಯಾಗುತ್ತದೆ.

ಆಗ ನಾನು ಚಾಮರಾಜನಗರದಲ್ಲಿ ಎಂ.ಎ. ಓದುತ್ತಿದ್ದೆ. ಅಪ್ಪ ಅಮ್ಮನ ಜೊತೆ ಗುಂಡ್ಲುಪೇಟೆಯ ಬಾಡಿಗೆ ಮನೆಯಲ್ಲಿದ್ದು ದಿನವೂ ಬಸ್ಸಿನಲ್ಲಿ ಓಡಾಟ. ವಿಶ್ವವಿದ್ಯಾಲಯದವರು ವಿದ್ಯಾರ್ಥಿಗಳಿಗೆ ಒಂದು ಪುರಸ್ಕಾರ ಇಟ್ಟಿದ್ದರು. ಯಾವುದಾದರೂ ಊರುಗಳಿಗೆ ಪ್ರವಾಸ ಹೋಗಿ ಅಲ್ಲಿದ್ದು ಏನಾದರೊಂದು ಸೇವೆ ಮಾಡುವುದು, ಖರ್ಚೆಲ್ಲ ಅವರದು. ನಮ್ಮ ವಿಭಾಗದಿಂದ ಯಾರಿಗೂ ಅದು ಸಿಕ್ಕಿರಲಿಲ್ಲ. ಸಿಕ್ಕರೆ ಹೆಸರು, ಅಪ್ಪನ ಕೈ ನೋಡದೆ ಹೊರಡುವ ಸುಖ, ಮುಂದೆ ಸಂಶೋಧನೆಗೆ ದಾರಿ. ನನಗೆ ಅದು ಬೇಕೇ ಬೇಕಿತ್ತು.

ನಮ್ಮ ತಾಲ್ಲೂಕಿನಲ್ಲೇ, ಕೇರಳ ಗಡಿಯ ಮದ್ದೂರಿನ ಕಡೆಯ ಕಾಡಂಚಿನ ಊರುಗಳಿಗೆ ಹೋಗಿ, ಹೆಣ್ಣುಮಕ್ಕಳ ಜೊತೆ ಮುಟ್ಟಿನ ಬಗ್ಗೆ ಮಾತಾಡುವುದು ನನ್ನ ಯೋಜನೆ. ಮುಟ್ಟಾದವರು ಮನೆಯ ಹೊರಗೆ ಕೂರುವುದು ಯಾಕೆ ತಪ್ಪು ಎಂದು ತಿಳಿಹೇಳುವುದು, ಬಟ್ಟೆಯ ಪ್ಯಾಡು ಹೊಲಿಯುವುದನ್ನು ಕಲಿಸುವುದು. ಅರ್ಜಿಯಲ್ಲಿ ‘ಮೌಢ್ಯದ ಕತ್ತಲೆ’, ‘ಅರಿವಿನ ಹಣತೆ’ ಎಂದೆಲ್ಲ ಬರೆದಿದ್ದೆ. ಬರೆದು ಮುಗಿಸಿ ನಾನೇ ಎರಡು ಸಲ ಓದಿಕೊಂಡು ಬೀಗಿದ್ದೆ. ಕತ್ತಲೆ ಎಲ್ಲಿದೆ ಎಂದರೆ ಮದ್ದೂರಿನ ಕಡೆಗೆ ಬೆರಳು ತೋರಿಸಿಬಿಡುವಷ್ಟು ಧೈರ್ಯ ನನಗೆ.

ಮೊದಲ ಸುತ್ತಿನಲ್ಲಿ ಆಯ್ಕೆಯಾದೆ. ಸಂದರ್ಶನ ಫೋನಿನಲ್ಲೇ, ವಿಡಿಯೋ ಮೂಲಕ, ಒಂದು ಶನಿವಾರ ಬೆಳಿಗ್ಗೆ. ಅಜ್ಜಿಗೆ ಸುದ್ದಿ ಹೇಳಿ ಆಶೀರ್ವಾದ ಪಡೆಯಲೆಂದು ಹಿಂದಿನ ಸಂಜೆಯೇ ನಾನು ಹಂಗಳಕ್ಕೆ ಹೋಗಿದ್ದೆ. ಅಜ್ಜಿ ಅಲ್ಲಿ ಚಿಕ್ಕಪ್ಪ ಚಿಕ್ಕಮ್ಮನ ಜೊತೆ ಇರುತ್ತಾಳೆ. ನಮ್ಮದು ಗೋಪಾಲಸ್ವಾಮಿ ಒಕ್ಕಲು. ಶನಿವಾರ ಅಜ್ಜಿ ಮಿಂದು ದೀಪ ಹಚ್ಚಿ, ಬೆಟ್ಟದ ಕಡೆ ಮುಖ ಮಾಡಿ ಕೈಮುಗಿಯುವವರೆಗೆ ಆ ಮನೆಯಲ್ಲಿ ಒಲೆ ಉರಿಯುವುದಿಲ್ಲ.

ಬೆಳಿಗ್ಗೆ ಏಳುವಾಗಲೇ ಗೊತ್ತಾಯಿತು, ನಾನು ಹೊರಗಾಗಿದ್ದೆ.

ಗುಂಡ್ಲುಪೇಟೆಯ ಮನೆಯಲ್ಲಿ ಹೊರಗೆ ಕೂರಲು ಜಾಗವೇ ಇಲ್ಲ, ಹಾಗಾಗಿ ಅಮ್ಮ ಆ ಪದ್ಧತಿಯನ್ನು ಯಾವತ್ತೋ ಬಿಟ್ಟಿದ್ದಳು. ಹಂಗಳದಲ್ಲಿ ಮಾತ್ರ ಮೂರು ದಿನ ಹಿತ್ತಲ ಜಗಲಿ, ಒಂದು ಚಾಪೆ, ಬೇರೆ ತಟ್ಟೆ, ಬೇರೆ ಚೊಂಬು. ಇಲ್ಲೇ ಇನ್ನೊಂದು ಮಾತು ಹೇಳಿಬಿಡಬೇಕು, ಹೇಳಲು ನಾಚಿಕೆಯಾದರೂ. ಅವತ್ತು ನನ್ನನ್ನು ಯಾರೂ ಹೊರಗೆ ಕಳಿಸಲಿಲ್ಲ. ಅಜ್ಜಿ ಇನ್ನೂ ನೀರುಮನೆಯಲ್ಲಿದ್ದಳು. ನಾನೇ ಚಾಪೆ ಸುತ್ತಿಕೊಂಡು, ದೇವರ ಗೂಡಿನ ಕಡೆ ನೆರಳು ಬೀಳದಂತೆ ಗೋಡೆಗೆ ಸವರಿಕೊಂಡು ಹಿತ್ತಲಿಗೆ ಹೋಗಿ ಕೂತೆ. ಹಣತೆ ಹಚ್ಚಲು ಹೊರಟವಳು!

ಫೋನನ್ನು ಕಲ್ಲುಕಂಬಕ್ಕೆ ಒರಗಿಸಿದೆ. ಪರದೆಯ ಮೇಲೆ ಒಬ್ಬರು ವಯಸ್ಸಾದ ಪ್ರೊಫೆಸರು, ಒಬ್ಬರು ಮೇಡಂ. ಹೊರಗೆ ಯಾಕೆ ಕೂತಿದ್ದೀರಿ ಎಂದು ಮೇಡಂ ಕೇಳಿದರು. ಇಲ್ಲಿ ನೆಟ್‌ವರ್ಕ್ ಚೆನ್ನಾಗಿದೆ ಎಂದೆ. ಅಲ್ಲಿಗೆ ಅದು ಮುಗಿಯುತ್ತಿತ್ತೇನೋ. ಹೆಣ್ಣುಮಕ್ಕಳ ಆತ್ಮಗೌರವದ ಬಗ್ಗೆ ನಾನು ಭರ್ಜರಿಯಾಗಿ ಮಾತಾಡುತ್ತಿರುವಾಗ, ಹಿಂಬಾಗಿಲು ಕಿರ್ರೆಂದಿತು.

“ಅಮ್ಮೀ, ತಟ್ಟೆ ಇಲ್ಲೇ ಮಡಗಿವ್ನಿ. ನಾ ಒಳಕ್ಕೋದ್ಮೇಲೆ ಬಂದು ತಕೊ. ದೀಪ ಅಚ್ಚಿವ್ನಿ, ಮುಟ್ಬುಟ್ಟೀಯೆ!”

ಮೇಡಂ ಮುಂದಕ್ಕೆ ಬಾಗಿದರು. “ಅದು ಯಾರು? ನೀವು... ಅಲ್ಲಿ ಹೊರಗೆ ಕೂತಿದ್ದೀರಾ?”

ಹೌದು ಎನ್ನಬಹುದಿತ್ತು. ನಮ್ಮ ಮನೆಯಲ್ಲೂ ಹೀಗೇ ಮೇಡಂ, ಅದಕ್ಕೇ ಈ ಯೋಜನೆ ಎನ್ನಬಹುದಿತ್ತು. ಈಗ ಇಷ್ಟು ಸಲೀಸಾಗಿ ಹೊಳೆಯುವ ಮಾತು ಆಗ ಹೊಳೆಯಲಿಲ್ಲ. ಪುರಸ್ಕಾರ ಕೈಬಿಟ್ಟು ಹೋಗುತ್ತಿದೆ ಎನ್ನುವುದಷ್ಟೇ ಕಾಣುತ್ತಿತ್ತು.

“ಇದು ನಮ್ಮ ತಾಲ್ಲೂಕಿನ ಒಂದು ಮನೆ ಮೇಡಂ,” ಎಂದೆ. “ಬೇರೆಯವರಿಗೆ ಹೇಳುವ ಮುಂಚೆ ನಾನೇ ಮೂರು ದಿನ ಹೀಗೆ ಕೂತು ನೋಡೋಣ ಅಂತ ಬಂದಿದ್ದೇನೆ. ಈ ಮನೆಯ ಅಜ್ಜಿ ತುಂಬ ಮುಗ್ಧರು. ಓದಿಲ್ಲ, ತಿಳಿವಳಿಕೆ ಇಲ್ಲ, ಅವರನ್ನು ದೂರಿ ಪ್ರಯೋಜನವಿಲ್ಲ.”

ಪ್ರೊಫೆಸರು ತಲೆದೂಗಿದರು. ಮೇಡಂ ಅವರ ಮುಖ ಅರಳಿತು. ಹಿಂಬಾಗಿಲು ಅರ್ಧ ತೆರೆದೇ ಇತ್ತು. ಅದರ ಹಿಂದೆ ಅಜ್ಜಿ ಅಲಸಂದೆಕಾಯಿ ಸುಲಿಯುತ್ತಿದ್ದ ಸದ್ದು ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು.

ಮಧ್ಯಾಹ್ನ ಅಜ್ಜಿ, “ಇನ್ನೊಂದೀಟು ಸಾರು ಬುಡ್ಲಾ?” ಎಂದು ಕೇಳಿದಳು, ಅಷ್ಟೆ. ಕೇಳಿಸಿಲ್ಲ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಕೆಲವು ದಿನ ಬಿಟ್ಟು ಮೇಡಂ ಕರೆಸಿದರು. ನನ್ನ ಹೆಸರು ಹೆಚ್ಚುಕಡಿಮೆ ಖಾಯಂ ಆಗಿದೆಯಂತೆ. ಆದರೆ ಮಂಜೂರಾತಿಗೆ ಮುಂಚೆ ಅವರು ಆ ಮನೆಯನ್ನು ನೋಡಬೇಕು, ಆ ಅಜ್ಜಿಯ ಜೊತೆ ಮಾತಾಡಬೇಕು. ಬೇಡ ಎನ್ನಲು ಯಾವ ನೆಪವೂ ಹುಟ್ಟಲಿಲ್ಲ. ಚಿಕ್ಕಪ್ಪನ ಫೋನಿಗೆ ಮಾಡಿ ಅಜ್ಜಿಗೆ ಕೊಡಲು ಹೇಳಿದೆ. “ಅಜ್ಜಿ, ನಾಳೆ ನಮ್ಮ ಮೇಡಂ ಮನೆ ನೋಡಕ್ಕೆ ಬತ್ತಾರೆ. ನಾನೂ ಬತ್ತೀನಿ...” ಎಂದು ಶುರು ಮಾಡಿದೆ. “ಬರ್ಲಿ ಬುಡು,” ಎಂದು ಅಜ್ಜಿ ಫೋನನ್ನು ಚಿಕ್ಕಪ್ಪನಿಗೆ ಕೊಟ್ಟುಬಿಟ್ಟಳು.

ಚಾಮರಾಜನಗರದಿಂದ ಮೇಡಂ ಕಾರಿನಲ್ಲೇ ಹೋದೆವು. ತೆರಕಣಾಂಬಿ ದಾಟಿ, ಗುಂಡ್ಲುಪೇಟೆ ದಾಟಿ, ಊಟಿ ರಸ್ತೆಗೆ ಬಂದಾಗ ಚೆಂಡುಹೂವಿನ ಹೊಲಗಳ ಪಕ್ಕ ಕೇರಳದ ಕಾರುಗಳು ಸಾಲಾಗಿ ನಿಂತಿದ್ದವು. ಜನ ಹೂವಿನ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಬೇರೆಯವರ ಹೊಲದಲ್ಲಿ ನಿಂತು ತಮ್ಮದೇ ಎನ್ನುವ ಹಾಗೆ ನಗುತ್ತಾರಲ್ಲ ಎಂದು ಮೇಡಂ ತಮಾಷೆ ಮಾಡಿದರು. ನನಗೆ ನಗು ಬರಲಿಲ್ಲ. ಅಜ್ಜಿ ನನ್ನನ್ನು ಕಂಡ ತಕ್ಷಣ ‘ಬಂದ್ಯಾ ಅಮ್ಮಿ’ ಎನ್ನುತ್ತಾಳೆ, ಅಲ್ಲಿಗೆ ಎಲ್ಲ ಮುಗಿಯುತ್ತದೆ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದೆ.

ಚಿಕ್ಕಪ್ಪ ಚಿಕ್ಕಮ್ಮ ಹೂವು ಕೀಳಲು ಹೊಲಕ್ಕೆ ಹೋಗಿದ್ದರು. ಅಜ್ಜಿ ಒಬ್ಬಳೇ ಬಾಗಿಲಿಗೆ ಬಂದಳು, ಮಡಿಸಿಟ್ಟ ಸೀರೆ ಉಟ್ಟಿದ್ದಳು.

“ಬನ್ನಿ ಬನ್ನಿ ಮೇಡಮ್ಮೋರೆ.” ಆಮೇಲೆ ನನ್ನ ಕಡೆ ತಿರುಗಿದಳು. “ನೀವೂ ಬನ್ನಿ ಕಣವ್ವ. ಅವತ್ತು ಬಂದಿದ್ರಲ್ಲ, ಚೆನ್ನಾಗಿದ್ದೀರಾ?”

ಹುಟ್ಟಿದಾಗಿನಿಂದ ಅಜ್ಜಿ ನನ್ನನ್ನು ‘ನೀವು’ ಎಂದಿರಲಿಲ್ಲ. ನೆಲ ಬಾಯಿಬಿಡಬಾರದೇ ಎನಿಸಿತು.

ಒಳಗೆ ಗೋಡೆಯ ಮೇಲೆ ಗೋಪಾಲಸ್ವಾಮಿ ಪಟವಿತ್ತು, ತಾತನ ಪಟವಿತ್ತು. ಅವೆರಡರ ನಡುವೆ, ಕಾಲೇಜಿನಲ್ಲಿ ನಾನು ಬಹುಮಾನ ತೆಗೆದುಕೊಳ್ಳುವ ಫೋಟೋ ಇರಬೇಕಾದ ಜಾಗದಲ್ಲಿ ಬರೀ ಮೊಳೆ. ಸುತ್ತ ಸುಣ್ಣ ಬೆಳ್ಳಗೆ ಚೌಕವಾಗಿ ಉಳಿದಿತ್ತು. ನಾನು ಬೇಗ ಬೇರೆ ಕಡೆ ನೋಡಿದೆ.

ಅಜ್ಜಿ ಮೇಡಂಗೆ ಲೋಟದಲ್ಲಿ ನೀರು ಕೊಟ್ಟಳು. ನನಗೂ ಹಾಗೇ, ಕೆಳಗೆ ತಟ್ಟೆ ಇಟ್ಟು, ಎರಡೂ ಕೈಯಲ್ಲಿ. ನಾನು ಆ ಮನೆಯಲ್ಲಿ ಕೊಡದಿಂದ ಮೊಗೆದುಕೊಂಡು ಕುಡಿದು ಬೆಳೆದವಳು.

ಮೇಡಂ ಮೆಲ್ಲಗೆ ಕೇಳಿದರು, “ಅಜ್ಜಿ, ಬೇರೆ ಕಡೆಯಿಂದ ಬಂದ ಹುಡುಗೀನ ಆಚೆ ಕೂರಿಸಿದ್ರಲ್ಲ, ಬೇಜಾರಾಗ್ಲಿಲ್ವಾ?”

“ನಾನೆಲ್ಲಿ ಕೂರಿಸ್ದೆ ಮೇಡಮ್ಮೋರೆ? ಆ ಕೂಸೇ ಓಗಿ ಕೂತ್ಕತು. ಕೂತ್ಕೊ ಅಂತ್ಲೂ ಅನ್ನಿಲ್ಲ, ಬ್ಯಾಡ ಅಂತ್ಲೂ ಅನ್ನಿಲ್ಲ ನಾನು.” ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಬ್ಯಾಡ ಅನ್ಬೇಕಿತ್ತು ಅನ್ಸತ್ತೆ. ನಮ್ಮನೆ ಕೂಸಿನಂಗೇ ಕೂತಿತ್ತು.”

ಅದರಲ್ಲಿ ಒಂದು ಮಾತೂ ಸುಳ್ಳಲ್ಲ. ಮೇಡಂ ಕಣ್ಣು ತೇವ ಮಾಡಿಕೊಂಡು ನನ್ನ ಬೆನ್ನು ತಟ್ಟಿದರು. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಮತ್ತೆ ಸಿಗುವುದಿಲ್ಲ ಎಂದು ಗೊತ್ತಿತ್ತು. ಸುಮ್ಮನೆ ಕೂತೆ, ಕಳ್ಳಿಯ ಹಾಗೆ.

ಇಷ್ಟು ಹತ್ತಿರ ಬಂದು ಗೋಪಾಲಸ್ವಾಮಿಯನ್ನು ನೋಡದೆ ಹೋಗುವುದು ಹೇಗೆ ಎಂದು ಮೇಡಂ ಬೆಟ್ಟದ ಕಡೆ ಹೊರಟರು. ನಾನು ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಹೋಗುತ್ತೇನೆಂದು ಹೇಳಿ ಉಳಿದೆ. ಕಾರು ತಿರುಗಿ ಮರೆಯಾಗುವವರೆಗೆ ಅಜ್ಜಿ ಬಾಗಿಲಲ್ಲೇ ನಿಂತಿದ್ದಳು.

“ಅಜ್ಜಿ, ಅವತ್ತು ನಾನು...” ಎಂದೆ.

“ಇಟ್ಟು ಆರೋಯ್ತದೆ, ಬಾ, ಉಣ್ಣು,” ಎಂದಳು. ತಟ್ಟೆಗೆ ಮುದ್ದೆ ಹಾಕುತ್ತ ಕೇಳಿದಳು, “ಕೊಟ್ಟಾರ ಅಮ್ಮಿ ಅದ?”

“ಕೊಡ್ತಾರೆ ಅನ್ಸುತ್ತೆ.”

“ಕೊಡ್ಲಿ ಬುಡು. ಅಷ್ಟು ಆಸೆ ಪಟ್ಟಿದ್ದೆ.”

ಅಳುತ್ತಲೇ ಉಂಡೆ. ಅಜ್ಜಿ ನೋಡಿಯೂ ನೋಡದ ಹಾಗೆ ಎದ್ದು, ಅಕ್ಕಿ ಡಬ್ಬದ ಹಿಂದಿನಿಂದ ನನ್ನ ಫೋಟೋ ತೆಗೆದು, ಸೆರಗಿನಲ್ಲಿ ಒರೆಸಿ ನನ್ನ ಪಕ್ಕ ಇಟ್ಟಳು.

“ಕೈ ತೊಳ್ಕಂಡು ಇದ ನೀನೇ ತಗಲಾಕ್ಬುಡು. ಅಷ್ಟೆತ್ತರಕ್ಕೆ ನನ್ ಕೈ ಎಟುಕಲ್ಲ.”

ಇಳಿಸುವಾಗ ಹೇಗೆ ಎಟುಕಿತು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.