ಮಿಸ್ ರೋಡನ್‌ಬಾ ತಿದ್ದಿಕೊಟ್ಟ ಕ್ರೀಡಾಧ್ಯಾಯ

ಅಗ್ನೆಸ್ ರೋಡನ್‌ಬಾ ಇಪ್ಪತ್ತೊಂಬತ್ತು ವರ್ಷ ಹುಡುಗಿಯರಿಗೆ ಹಾಕಿ ಕಲಿಸಿದರು. ಅದರಲ್ಲಿ ಏಳು ವರ್ಷ ಅವರ ತಂಡ ಒಂದು ಪಂದ್ಯವನ್ನೂ ಸೋಲಲಿಲ್ಲ. ಆ ಏಳರಲ್ಲಿ ಎರಡು ವರ್ಷ ಗೋಲಿನ ಮುಂದೆ ನಿಂತಿದ್ದವಳು ನಾನು. ನಿಂತಿದ್ದೆ ಅಂದರೆ ಸುಮ್ಮನೆ ನಿಂತಿದ್ದೆ, ಅಷ್ಟೇ. ಚೆಂಡು ನನ್ನವರೆಗೆ ಬರುತ್ತಿದ್ದುದೇ ಅಪರೂಪ.

ಆಗ ನಮ್ಮದು ಮಿಸ್ ಪೆಲ್ಹಾಮ್ ಅವರ ಹೆಣ್ಣುಮಕ್ಕಳ ಶಾಲೆ. ಸಸ್ಕ್ವೆಹಾನಾ ನದಿಯ ದಡದಲ್ಲಿ ನಾವು, ಗುಡ್ಡದ ಮೇಲೆ ಥಾರ್ನ್‌ಡೈಕ್ ಅಕಾಡೆಮಿಯ ಹುಡುಗರು. ಎರಡೂ ಕಡೆ ದುಬಾರಿ ಫೀಸು, ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುವ ಮಕ್ಕಳು, ಮುಂದೆ ಒಳ್ಳೆಯ ಕಾಲೇಜು ಸೇರಬೇಕೆಂಬ ಒಂದೇ ಜಪ. ವ್ಯತ್ಯಾಸವೆಂದರೆ ಅವರಲ್ಲಿ ಫುಟ್‌ಬಾಲ್ ಇತ್ತು. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ, ಅಡ್ಡ ಬಂದವರನ್ನು ಕೆಡವುವ ಆಟ. ಥಾರ್ನ್‌ಡೈಕ್‌ನವರು ಸಾಮಾನ್ಯವಾಗಿ ಕೆಳಗೆ ಬೀಳುವ ಪೈಕಿ.

ಎಪ್ಪತ್ನಾಲ್ಕರಲ್ಲಿ ಎರಡೂ ಶಾಲೆಗಳನ್ನು ಒಂದು ಮಾಡಿದರು. ಆಡಳಿತ ಮಂಡಳಿಯವರು ಅದನ್ನು ಮದುವೆ ಎಂದು ಕರೆದರು. ಮದುವೆಯಲ್ಲಿ ಹೆಣ್ಣಿನ ಮನೆತನದ ಹೆಸರು ಹೋಗುವುದು ವಾಡಿಕೆಯಾದ್ದರಿಂದ ಪೆಲ್ಹಾಮ್ ಹೆಸರು ಹೋಯಿತು. ನಮ್ಮ ಮೈದಾನವನ್ನೂ ಮಾರಿದರು. ಹಾಕಿಗೆ ಫುಟ್‌ಬಾಲ್ ಮೈದಾನದ ಹಿಂದಿನ ಇಳಿಜಾರು ಸಿಕ್ಕಿತು.

ಹುಡುಗಿಯರು ಗೊಣಗಿದಾಗ ಮಿಸ್ ರೋಡನ್‌ಬಾ ಅಂದರು: "ಇಳಿಜಾರಾದ್ರೆ ಏನಾಯ್ತೀಗ? ಅರ್ಧ ಆಟ ಹತ್ತಿದೋರು ಇನ್ನರ್ಧ ಇಳೀತಾರೆ. ಎರಡು ಕಡೆಯೋರಿಗೂ ಒಂದೇ ಕಷ್ಟ."

ಅವರು ಕಟುಕನ ಮಗಳು. ಅಗಲ ಭುಜ, ಗಟ್ಟಿ ದನಿ. ಹಾಕಿ ಇಲ್ಲದ ವೇಳೆಯಲ್ಲಿ ವ್ಯಾಕರಣ ಪಾಠ ಮಾಡುತ್ತಿದ್ದರು. ನಾನು ಕಾಲೇಜು ಮುಗಿಸಿ ಅದೇ ಶಾಲೆಗೆ ಗಣಿತ ಕಲಿಸಲು ಬಂದಾಗ, ನನ್ನ ನೇಮಕದ ಪತ್ರವನ್ನು ಇಸಿದುಕೊಂಡು ಓದಿ, ಅದರಲ್ಲಿದ್ದ ಎರಡು ತಪ್ಪು ತಿದ್ದಿ, ಆಮೇಲೆ ಅಭಿನಂದನೆ ಹೇಳಿದರು.

ಎಂಬತ್ತೊಂಬತ್ತರಲ್ಲಿ ಥಾರ್ನ್‌ಡೈಕ್‌ಗೆ ನೂರು ವರ್ಷ ತುಂಬಿತು. ಮುಖ್ಯೋಪಾಧ್ಯಾಯ ಕಾರ್ಲ್ಟನ್ ವೆಬ್ ಶಾಲೆಯ ಇತಿಹಾಸವನ್ನು ತಾವೇ ಬರೆದರು. ಒಂದು ದಿನ ನಾನು ವೇಳಾಪಟ್ಟಿ ಕೊಡಲು ಅವರ ಕೋಣೆಗೆ ಹೋದಾಗ ಮಿಸ್ ರೋಡನ್‌ಬಾ ಅಲ್ಲೇ ಕೂತಿದ್ದರು.

"ನಿಮ್ಮ ವ್ಯಾಕರಣ ಚೆನ್ನಾಗಿದೆ ನೋಡಿ," ಎಂದರು ವೆಬ್, "ಕ್ರೀಡೆಯ ಅಧ್ಯಾಯ ಒಂದ್ಸಲ ಕಣ್ಣಾಡಿಸಿ ಕೊಡಿ."

"ತಪ್ಪಿದ್ರೆ ತಿದ್ದಲಾ ಸರ್?"

"ಅದಕ್ಕೇ ತಾನೇ ಕೊಡ್ತಿರೋದು."

"ಎಲ್ಲಾ ತಪ್ಪೂನಾ?"

"ಎಲ್ಲಾನೂ," ಎಂದರು ವೆಬ್, ಗಡಿಯಾರ ನೋಡುತ್ತ.

ಅಧ್ಯಾಯದಲ್ಲಿ ಫುಟ್‌ಬಾಲಿಗೆ ಎಂಬತ್ತನಾಲ್ಕು ಪುಟ ಇತ್ತು. ಹಾಕಿಗೆ ಅರ್ಧ ಪುಟ. 'ನಮ್ಮ ಹುಡುಗಿಯರು ಸಹ ಹೊರಾಂಗಣದಲ್ಲಿ ಲವಲವಿಕೆಯಿಂದ ಪಾಲ್ಗೊಂಡಿದ್ದಾರೆ' ಎಂದು ಅದರ ಮೊದಲ ಸಾಲು. ಆ ಎಂಬತ್ತನಾಲ್ಕು ಪುಟಗಳಲ್ಲಿ ವೀರರಿದ್ದರು, ಕೆಸರಿತ್ತು, ಕೆಚ್ಚಿತ್ತು. ಗೆದ್ದವರು ಯಾರು ಎಂಬುದು ಮಾತ್ರ ಎಲ್ಲೂ ಇರಲಿಲ್ಲ. 'ಐವತ್ತಾರರಲ್ಲಿ ನಮ್ಮವರು ಕೊನೆಯ ಕ್ಷಣದವರೆಗೂ ಎದೆಗೊಟ್ಟು ನಿಂತರು.' ಅದನ್ನು ಓದಿ ಮಿಸ್ ರೋಡನ್‌ಬಾ ಪೆನ್ಸಿಲ್ ಕೆಳಗಿಟ್ಟರು.

ಮುಂದಿನ ನಾಲ್ಕು ಶನಿವಾರ ನಾವಿಬ್ಬರೂ ಊರಿನ ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳ ಧೂಳು ಕುಡಿದೆವು. ಐವತ್ತಾರರಲ್ಲಿ ಎದೆಗೊಟ್ಟು ನಿಂತ ಫಲ: ನಲವತ್ತೊಂದು – ಸೊನ್ನೆ. ನದಿಯಾಚೆಯ ಶಾಲೆಗೆ ಸತತ ಹನ್ನೊಂದು ವರ್ಷ ಸೋತಿದ್ದರು. ಮಿಸ್ ರೋಡನ್‌ಬಾ ಒಂದು ಮಾತನ್ನೂ ಅಳಿಸಲಿಲ್ಲ. ಪ್ರತಿಯೊಂದು ವೀರಗಾಥೆಯ ಪಕ್ಕದಲ್ಲಿ ತಾರೀಖು, ಅಂಕ, ಆಡಿದವರ ಹೆಸರು ಸೇರಿಸಿದರು.

"ವೆಬ್‌ಗೆ ಸಿಟ್ಟು ಬರುತ್ತೆ, ಮಿಸ್," ಎಂದೆ.

"ಅಂಕಿ ನೋಡಿ ಯಾರಾದ್ರೂ ಸಿಟ್ಟು ಮಾಡ್ಕೋತಾರಾ ಲೋರ್ನಾ? ಗಣಿತದವಳು ನೀನು, ನೀನೇ ಹೇಳು."

"ಮತ್ತೆ ನಮ್ಮ ಏಳು ವರ್ಷ? ಅದನ್ನೂ ಸೇರಿಸಿ."

"ಅದು ತಪ್ಪಲ್ಲ, ಬಿಟ್ಟಿದ್ದು. ನಂಗೆ ಹೇಳಿರೋದು ತಪ್ಪು ತಿದ್ದೋಕೆ."

ಹಾಕಿಯ ಅರ್ಧ ಪುಟದ ಮೇಲೆ ಅವರ ಪೆನ್ಸಿಲ್ ಬಹಳ ಹೊತ್ತು ನಿಂತಿತು. ಕೊನೆಗೆ ಒಂದು ಅಲ್ಪವಿರಾಮ ಹಾಕಿ ಪುಟ ಮಗುಚಿದರು.

ವೆಬ್ ಅದನ್ನು ತೆರೆದು ನೋಡದೆ ಸಹಿ ಮಾಡಿ ಅಚ್ಚಿಗೆ ಕಳಿಸಿದರು. ಶತಮಾನೋತ್ಸವದ ಊಟದ ದಿನ ಪ್ರತಿ ತಟ್ಟೆಯ ಪಕ್ಕದಲ್ಲಿ ಒಂದೊಂದು ಪುಸ್ತಕ ಇಟ್ಟಿದ್ದರು. ಹಳೆಯ ವಿದ್ಯಾರ್ಥಿಗಳು ಪುಟ ತಿರುವತೊಡಗಿದರು. ಗದ್ದಲ ಕ್ರಮೇಣ ಅಡಗಿತು. ವೆಬ್ ಕೂಡ ತಮ್ಮ ಪ್ರತಿಯನ್ನು ತೆರೆದರು. ಅವರ ಮುಖ ಬಿಳಿಚಿಕೊಂಡಿತು.

ಐವತ್ತಾರರ ತಂಡದ ನಾಯಕ ಥರ್ಲೋ ಹ್ಯಾಸ್ಕ್ ಎದ್ದು ನಿಂತ. ಈಗ ದೊಡ್ಡ ಬ್ಯಾಂಕಿನ ಮುಖ್ಯಸ್ಥ.

"ನಲವತ್ತೊಂದು," ಎಂದ. "ನಾನು ಇಷ್ಟು ವರ್ಷ ಮೂವತ್ತೈದು ಅಂತ ಎಲ್ಲರ ಹತ್ರಾನೂ ಹೇಳ್ಕೊಂಡು ಬಂದೆ. ನನ್ನ ಹೆಂಡ್ತಿ ಅದನ್ನೂ ನಂಬಿರ್ಲಿಲ್ಲ. ಈಗ ಅಚ್ಚಾಗಿದೆ, ನೋಡಿ."

ಸಭೆಗೆ ಸಭೆಯೇ ನಕ್ಕಿತು. ಆಮೇಲೆ ತಡೆಯುವವರೇ ಇಲ್ಲ. ಬೊಜ್ಜು ಬೆಳೆದ ವಕೀಲರು, ವೈದ್ಯರು ತಮ್ಮ ತಮ್ಮ ಸೋಲನ್ನು ಬೆರಳಿಟ್ಟು ತೋರಿಸಿದರು. ಐವತ್ತೆಂಟರವರು ಮೂವತ್ತೆಂಟು ಅಂಕದಿಂದ ಮಾತ್ರ ಸೋತದ್ದಕ್ಕೆ ಐವತ್ತಾರರವರ ಎದುರು ಬೀಗಿದರು. ಆ ಸಂಜೆಯೇ ಫುಟ್‌ಬಾಲ್ ಪ್ರೇಕ್ಷಕರಿಗೆ ಹೊಸ ಅಟ್ಟಣೆ ಕಟ್ಟಿಸಿಕೊಡುವುದಾಗಿ ಹ್ಯಾಸ್ಕ್ ಘೋಷಿಸಿದ. ವೆಬ್ ಚೇತರಿಸಿಕೊಂಡು ಎದ್ದು, ಇತಿಹಾಸಕಾರನಿಗೆ ಸತ್ಯಕ್ಕಿಂತ ದೊಡ್ಡ ಧರ್ಮವಿಲ್ಲ ಎಂದು ಇಪ್ಪತ್ತು ನಿಮಿಷ ಮಾತಾಡಿದರು.

ಮನೆಗೆ ಹೋಗುವಾಗ ಮಿಸ್ ರೋಡನ್‌ಬಾ ನನ್ನ ಕಾರಿನಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಅವ್ರ ಮರ್ಯಾದೆ ತೆಗೆಯೋಣ ಅಂತ ಹೊರಟೆ ಕಣೇ. ಅಟ್ಟಣೆ ಕಟ್ಟಿಸಿಕೊಟ್ಟೆ."

"ನಮ್ಮದನ್ನೂ ಸೇರಿಸಬೇಕಿತ್ತು, ಮಿಸ್."

ಅವರು ಕಣ್ಣೊರೆಸಿಕೊಂಡರು. "ಸೇರಿಸಬೇಕಿತ್ತು. ಅವ್ರೇ ಬಂದು ಕೇಳ್ಲಿ ಅಂತ ಕೂತೆ. ಸೊಕ್ಕು. ಹದಿನೈದು ವರ್ಷದಿಂದ ಅದೇ ಸೊಕ್ಕು."

ಮರುದಿನ ಅವರು ಏಳೂ ವರ್ಷಗಳ ಅಂಕಪಟ್ಟಿ ಹಿಡಿದು ವೆಬ್ ಬಳಿ ಹೋದರು. ಮುಂದಿನ ಮುದ್ರಣದಲ್ಲೂ ಜಾಗ ಇಲ್ಲ ಎಂದರು ವೆಬ್. ಮಿಸ್ ರೋಡನ್‌ಬಾ ವಾದ ಮಾಡಲಿಲ್ಲ. ಹ್ಯಾಸ್ಕ್‌ನ ಎರಡನೆಯ ಹೆಂಡತಿ ನ್ಯಾನ್‌ಗೆ ಫೋನ್ ಮಾಡಿದರು. ಅವಳು ನಮ್ಮಲ್ಲಿ ಬಲ ಅಂಚಿನಲ್ಲಿ ಆಡಿದವಳು, ಓಟದಲ್ಲಿ ಜಿಂಕೆ. ಎರಡನೆಯ ಮುದ್ರಣದ ಹೊತ್ತಿಗೆ ಒಂಬತ್ತು ಪುಟದ ಜಾಗ ತಾನಾಗಿಯೇ ಹುಟ್ಟಿಕೊಂಡಿತು.

ಆ ಒಂಬತ್ತು ಪುಟ ಓದಿದವರು ಕಡಿಮೆ. ನಮ್ಮ ಸಹೋದ್ಯೋಗಿಯೊಬ್ಬ ನನಗೆ ಹೇಳಿಯೇಬಿಟ್ಟ: "ಬರೀ ಗೆಲುವು, ಬರೀ ಗೆಲುವು. ಓದೋಕೆ ಸಪ್ಪೆ ಕಣಮ್ಮ. ಫುಟ್‌ಬಾಲ್ ಭಾಗ ಓದು, ಅದರಲ್ಲಿ ಜೀವ ಇದೆ."

ನಾನು ಇದನ್ನು ಮಿಸ್ ರೋಡನ್‌ಬಾ ಅವರಿಗೆ ಹೇಳಿದೆ. ಬೇಜಾರಾಗುತ್ತದೇನೋ ಅಂದುಕೊಂಡಿದ್ದೆ. ಅವರು ಪುಸ್ತಕದಲ್ಲಿ ನ್ಯಾನ್‌ಳ ಹೆಸರಿನ ಕಾಗುಣಿತ ನೋಡುತ್ತಿದ್ದರು. "ಸರಿಯಾಗಿದೆ," ಎಂದಷ್ಟೇ ಹೇಳಿದರು.

ತೊಂಬತ್ತೊಂದರಲ್ಲಿ ನಿವೃತ್ತರಾದ ಮೇಲೂ ಶರತ್ಕಾಲ ಬಂತೆಂದರೆ ಮಡಿಸುವ ಕುರ್ಚಿ ತಂದು ಹಾಕಿ ಅಂಕಣದ ಪಕ್ಕದಲ್ಲಿ ಕೂರುತ್ತಿದ್ದರು. ಅವರು ಕೊನೆಯ ಸಲ ಬಂದ ದಿನ ನಮ್ಮ ಹುಡುಗಿಯರು ಮೂರು – ಒಂದರಿಂದ ಸೋತರು. ಎಡ ಅಂಚಿನಲ್ಲಿ ಆಡಿದ ಹುಡುಗಿಯೊಬ್ಬಳು ಬೇಲಿ ಹಿಡಿದು ಅಳುತ್ತಿದ್ದಳು. ಮಿಸ್ ರೋಡನ್‌ಬಾ ಕೋಲೂರಿಕೊಂಡು ಅವಳ ಬಳಿ ಹೋಗಿ ಏನೋ ಮಾತಾಡಿದರು. ಹುಡುಗಿ ಅಳು ನಿಲ್ಲಿಸಿ, ತಲೆ ಅಲ್ಲಾಡಿಸಿ, ಕಿಸಕ್ಕನೆ ನಕ್ಕಳು.

"ಏನಂದ್ರಿ ಅವಳಿಗೆ?" ಎಂದು ಕೇಳಿದೆ.

"ನಾಳೆ ನಾಲ್ಕು ಗಂಟೆಗೆ ಬಾ, ಓಡೋದು ಹೇಗೆ ಅಂತ ತೋರಿಸ್ತೀನಿ ಅಂದೆ," ಎಂದು ಕುರ್ಚಿ ಮಡಿಸತೊಡಗಿದರು. ಆಗ ಅವರಿಗೆ ಎಪ್ಪತ್ತೆಂಟು.