ಗೆದ್ದಲಿಗೆಂದು ಹಾಕಿದ ಮಣ್ಣು

ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಬಾವಿ ತೋಡುತ್ತಿದ್ದ ಉಸ್ಮಾನಸಾಬ್ ಒಂದು ಹಿಡಿ ಮಣ್ಣು ಮೂಸಿ, ಇಷ್ಟು ಆಳಕ್ಕೆ ನೀರಿದೆ ಎನ್ನುತ್ತಿದ್ದ. ಪ್ರತಿಸಲವೂ ಸಿಕ್ಕಿತೆಂದರೆ ಸುಳ್ಳಾದೀತು. ಆದರೆ ತನ್ನ ಓಣಿಯ ಬಾವಿಯಲ್ಲಿ ಹೇಳಿದಷ್ಟಕ್ಕೇ ಸಿಕ್ಕಿತ್ತು. ಮೂವತ್ತು ಮನೆಯವರು ಇಪ್ಪತ್ತು ವರ್ಷ ಆ ಸಿಹಿನೀರು ಕುಡಿದರು.

ಸಾವಿರದ ಒಂಬೈನೂರ ಎಪ್ಪತ್ತಾರರಲ್ಲಿ ಓಣಿಯ ತುದಿಯ ಪೆಟ್ರೋಲ್ ಬಂಕ್ ಮುಚ್ಚಿತು. ನೆಲದೊಳಗಿನ ಟ್ಯಾಂಕ್ ಎತ್ತುವ ಕೆಲಸ ಅವನಿಗೇ ಬಂತು. ಟ್ಯಾಂಕಿನ ತಳ ತುಕ್ಕು ಹಿಡಿದು ತೂತಾಗಿತ್ತು, ಅಡಿಯ ಮಣ್ಣು ಡೀಸೆಲ್ ಕುಡಿದು ಕಪ್ಪಾಗಿತ್ತು. ಆ ವಾಸನೆ ಮೂಗಿಗೆ ಬಡಿದಾಗ ಅವನಿಗೆ ನೆನಪಾದದ್ದು ಗೆದ್ದಲು. ಬಾವಿಯ ರಾಟೆಕಂಬಗಳನ್ನು ಅದು ವರ್ಷವರ್ಷವೂ ತಿಂದು ಹಾಕುತ್ತಿತ್ತು. ಎಣ್ಣೆ ಸೋಕಿದ ಕಡೆ ಗೆದ್ದಲು ಸುಳಿಯುವುದಿಲ್ಲವೆಂದು ಯಾರಿಗೆ ಗೊತ್ತಿಲ್ಲ? ಐದು ಬಂಡಿ ಮಣ್ಣು ಹೇರಿ ತಂದು, ಕಂಬಗಳ ಬುಡಕ್ಕೂ ಬಾವಿಯ ಸುತ್ತಲೂ ಎರಡಡಿ ಆಳಕ್ಕೆ ತುಂಬಿ, ದಮ್ಮಸು ಮಾಡಿ ಗಟ್ಟಿಯಾಗಿಸಿದ. ಕೂಲಿ ಕೇಳಲಿಲ್ಲ.

ಗೆದ್ದಲೇನೋ ಹೋಯಿತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನೀರೂ ಕೆಟ್ಟಿತು. ಕೊಡದಲ್ಲಿ ಎಣ್ಣೆಯ ಪದರ, ಬಾಯಿಗಿಟ್ಟರೆ ವಾಕರಿಕೆ. ಓಣಿಯವರು ಬಂಕಿನ ಮಾಲೀಕನ ಮೇಲೆ ಅರ್ಜಿ ಹಾಕಿದರು. ಟ್ಯಾಂಕಿನ ತಗ್ಗಿನಿಂದ ಡೀಸೆಲ್ ಬಸಿದದ್ದು ನಿಜವಾದರೆ ಅವನೇ ಹೊಸ ಬಾವಿ ತೋಡಿಸಿಕೊಡಬೇಕೆಂದು ಮಾತಾಯಿತು.

ತನಿಖೆಗೆ ಬಂದ ಇಂಜಿನಿಯರ್ ಗವಿಸಿದ್ದಪ್ಪನವರು ತಗ್ಗಿನಿಂದ ಬಾವಿಯವರೆಗೆ ಸಾಲಾಗಿ ಐದು ಗುಂಡಿ ತೋಡಿಸಿದರು. ತೋಡಿದವನು ಉಸ್ಮಾನಸಾಬನೇ. ಮೊದಲನೆಯದರ ಮಣ್ಣು ನಾರಿತು, ಎರಡನೆಯದರದು ಸ್ವಲ್ಪ ನಾರಿತು. ಮೂರು, ನಾಲ್ಕರಲ್ಲಿ ಏನೂ ಇಲ್ಲ. ಬಾವಿಗೆ ಹತ್ತಿದ ಐದನೆಯದರಲ್ಲಿ ಮೇಲಿನಿಂದಲೇ ಗಬ್ಬೆಂದು ನಾತ ಹೊಡೆಯಿತು. ಗುಂಡಿಯಲ್ಲಿ ನಿಂತವನು ಒಂದು ಹಿಡಿ ಎತ್ತಿ ಮೂಸಿದ, ತಾನು ತಂದು ತುಂಬಿದ ಮಣ್ಣೇ. ಅದಕ್ಕೂ ಮುಂಚೆ ಅನುಮಾನ ಬಂದಿರಲಿಲ್ಲವೇ? ಬಂದಿತ್ತೆಂದು ಆಮೇಲೆ ಹೆಂಡತಿ ಕುಬ್ರಾಬಿಯ ಮುಂದೆ ಒಪ್ಪಿಕೊಂಡ. ತನ್ನ ಮೇಲೆ ತಾನೇ ಅನುಮಾನಪಡುವುದು ಯಾರಿಗೆ ಬೇಕು, ಪಾಪ.

ನಡುವಿನ ಮಣ್ಣು ಒಳ್ಳೆಯದಿದ್ದು ಇಲ್ಲಿ ಹೇಗೆ ಕೆಟ್ಟಿತೆಂದು ಇಂಜಿನಿಯರರಿಗೆ ತಿಳಿಯಲಿಲ್ಲ. ತಗ್ಗಿನಿಂದಲೇ ಬಂದಿರಬೇಕೆಂದು ಬರೆಯಲು ಹೊರಟರು. ಸುತ್ತ ನಿಂತವರಿಗೆ ಬಂಡಿಗಳ ನೆನಪಿತ್ತು, ಯಾರೂ ಬಾಯಿ ಬಿಡಲಿಲ್ಲ. ಪಕ್ಕದ ಮನೆಯ ವೀರಭದ್ರಮ್ಮ ಸುಮ್ಮನಿರೆಂದು ಕಣ್ಣಲ್ಲೇ ಬೇಡಿಕೊಂಡಳು.

"ಬರೀಬ್ಯಾಡ್ರಿ ಸಾಹೇಬ್ರ," ಎಂದ ಉಸ್ಮಾನಸಾಬ್. "ಈ ಮಣ್ಣು ನಾನ ತಂದು ಹಾಕೀನಿ."

ಅರ್ಜಿ ಬಿದ್ದುಹೋಯಿತು. ಹೆಂಗಸರು ಕೊಡ ಹೊತ್ತು ಮೈಲಿ ದೂರದ ನಲ್ಲಿಗೆ ನಡೆದರು. ಯಾರೂ ಅವನನ್ನು ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. ವೀರಭದ್ರಮ್ಮ ಮಾತ್ರ ಒಂದು ದಿನ, "ಸುಮ್ಕಿದ್ದಿದ್ರ ನಮಗೊಂದು ಬಾವಿ ಆಗ್ತಿತ್ತಲ್ಲ ಯಣ್ಣಾ," ಎಂದಳು.

"ಬಾವಿ ದಂಡಿ ಮ್ಯಾಲ ನಿಂತು ಸುಳ್ಳು ಹೇಳಂಗಿಲ್ಲಮ್ಮ ನಾವು ಬಾವಿ ತೋಡೋರು," ಎಂದು ಅವನು ತಲೆ ತಗ್ಗಿಸಿದ.

ಒಂದು ತಿಂಗಳು ಒಬ್ಬನೇ ಆ ಮಣ್ಣನ್ನೆಲ್ಲ ಕೆತ್ತಿ ಹೊರಹಾಕಿದ. ಎಷ್ಟು ಸಲ ನೀರು ಖಾಲಿ ಮಾಡಿದರೂ ವಾಸನೆ ಹೋಗಲಿಲ್ಲ. ಎಂಬತ್ತರಲ್ಲಿ ಬಾವಿ ಮುಚ್ಚುವುದೆಂದಾಯಿತು. ಬೇರೆಯವರು ಮುಚ್ಚುವುದು ಬೇಡವೆಂದು ಬುಟ್ಟಿಬುಟ್ಟಿಯಾಗಿ ತಾನೇ ತುಂಬಿದ.

ಅಷ್ಟರಲ್ಲಿ ಊರಿಗೆಲ್ಲ ಬೋರ್‌ವೆಲ್ ಬಂದಿತ್ತು, ಬಾವಿ ತೋಡಿಸುವವರಿರಲಿಲ್ಲ. ಹಳೆ ಬಾವಿ ಮುಚ್ಚುವುದಿದ್ದರೆ ಉಸ್ಮಾನಸಾಬನಿಗೆ ಹೇಳಿಕಳಿಸುತ್ತಿದ್ದರು. ಅವನು ಹೋಗುತ್ತಿದ್ದ. ಮುಚ್ಚುವ ಮೊದಲು ಒಂದು ಬೊಗಸೆ ನೀರು ಸೇದಿ ಕುಡಿಯುತ್ತಿದ್ದ. ಹೆಚ್ಚಿನವೆಲ್ಲ ಸಿಹಿಯಾಗಿಯೇ ಇರುತ್ತಿದ್ದವು.